ಬೇಡದ್ದನ್ನು ತೆಗೆದ ಮೇಲೆ

ಬನಶಂಕರಿ, ಜಯನಗರ, ಜೆ.ಪಿ. ನಗರದ ಸಭಾಭವನಗಳಲ್ಲಿ ಸಂಜೆ ಹೊತ್ತು ನಡೆಯುವ ಪ್ರವಚನಗಳಲ್ಲಿ ಶಿಲ್ಪಿಯ ದೃಷ್ಟಾಂತ ಆಗಾಗ ಬರುತ್ತಲೇ ಇರುತ್ತದೆ. ಮೂರ್ತಿ ಕಲ್ಲಿನೊಳಗೆ ಮೊದಲೇ ಇತ್ತು, ಶಿಲ್ಪಿ ಹೊಸದಾಗಿ ಏನನ್ನೂ ಮಾಡಲಿಲ್ಲ, ಬೇಡದ್ದನ್ನು ಕೆತ್ತಿ ತೆಗೆದ, ಅಷ್ಟೆ. ನಮ್ಮೊಳಗಿನ ಆತ್ಮವೂ ಹಾಗೆಯೇ. ಆಸೆ, ಸಿಟ್ಟು, ಅಭಿಮಾನಗಳನ್ನು ಒಂದೊಂದಾಗಿ ತೆಗೆದುಹಾಕಿದರೆ ಉಳಿಯುವುದು ಶುದ್ಧ ವಸ್ತು. ಕೇಳುವವರಿಗೆ ಇದು ಹಿತವಾಗುತ್ತದೆ, ಏಕೆಂದರೆ ಇದರಲ್ಲಿ ಗಳಿಸಬೇಕಾದದ್ದು ಏನೂ ಇಲ್ಲ, ಬಿಡಬೇಕಾದದ್ದು ಮಾತ್ರ ಇದೆ. ದೃಷ್ಟಾಂತ ನಮ್ಮದೊಂದೇ ಸ್ವತ್ತೂ ಅಲ್ಲ. ಮೂರನೆಯ ಶತಮಾನದ ಗ್ರೀಕ್ ದಾರ್ಶನಿಕ ಪ್ಲೊಟೈನಸ್ ಸೌಂದರ್ಯವನ್ನು ಕುರಿತ ತನ್ನ ಪ್ರಬಂಧದಲ್ಲಿ, ಶಿಲ್ಪಿ ಪ್ರತಿಮೆಯನ್ನು ಕಡಿಯುವಂತೆ ನಿನ್ನೊಳಗಿನ ಹೆಚ್ಚುವರಿಯನ್ನು ಕಡಿದುಹಾಕು ಎಂಬ ಅರ್ಥದ ಉಪದೇಶವನ್ನೇ ಕೊಟ್ಟಿದ್ದಾನೆ. ಇಷ್ಟು ಕಾಲ ಬಾಳಿಬಂದ ದೃಷ್ಟಾಂತವನ್ನು ಪ್ರಶ್ನಿಸಲು ಬಲವಾದ ಕಾರಣ ಬೇಕು. ಕಾರಣ ಇದೆ. ಯಾರೂ ಬಾಯಿಬಿಟ್ಟು ಹೇಳದ ಊಹೆಯೊಂದು ಅದರೊಳಗೆ ಅಡಗಿದೆ: ತೆಗೆಯುವ ಭಾಗಕ್ಕೂ ಉಳಿಯುವ ಭಾಗಕ್ಕೂ ಸಂಬಂಧವಿಲ್ಲ, ಒಂದು ಹೋದರೂ ಇನ್ನೊಂದು ಇದ್ದಂತೆಯೇ ಇರುತ್ತದೆ ಎಂಬುದು. ಈ ಊಹೆ ನಿಲ್ಲುವುದಿಲ್ಲ ಎನ್ನುವುದಕ್ಕೆ ಸಾಕ್ಷ್ಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವ ಬನಶಂಕರಿ ಅಮ್ಮನ ದೇವಸ್ಥಾನವನ್ನು ದಾಟಿ ಕನಕಪುರ ರಸ್ತೆಯಲ್ಲಿ ಯಲಚೇನಹಳ್ಳಿಯ ಕಡೆ ಹೋದರೆ, ಇಲ್ಲವೇ ಸಾರಕ್ಕಿಯ ಕೈಗಾರಿಕಾ ಬಡಾವಣೆಗೆ ತಿರುಗಿದರೆ, ಲೇತ್, ಸಿಎನ್‌ಸಿ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಸಣ್ಣ ವರ್ಕ್‌ಶಾಪ್‌ಗಳು ಸಿಗುತ್ತವೆ. ಇಂಥ ಕಡೆ ಲೋಹದ ಜೊತೆಗೆ ಪ್ಲಾಸ್ಟಿಕ್ಕನ್ನೂ ಕಡೆಯುವವರಿಗೆ ಆ ಊಹೆ ಸುಳ್ಳೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ಲಾಸ್ಟಿಕ್ ಎಂದ ಕೂಡಲೇ ಬಕೆಟ್ಟು, ಕವರು ಕಣ್ಣಿಗೆ ಬರುವುದು ಸಹಜ. ಇಲ್ಲಿನ ಮಾತು ಬೇರೆ ಜಾತಿಯದನ್ನು ಕುರಿತದ್ದು: ನೈಲಾನ್, ಡೆಲ್ರಿನ್, ಟೆಫ್ಲಾನ್, ಪಾಲಿಕಾರ್ಬೊನೇಟ್, ದುಬಾರಿಯವುಗಳ ಸಾಲಿನಲ್ಲಿ ಪೀಕ್. 1978ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ರೂಪುಗೊಂಡ ಪೀಕ್ ಕರಗಲು 343 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಗಾತ್ರದ ಅಲ್ಯೂಮಿನಿಯಂ ತುಂಡಿನ ಅರ್ಧದಷ್ಟೂ ತೂಗುವುದಿಲ್ಲ. ಬಹುತೇಕ ರಾಸಾಯನಿಕಗಳಿಗೆ ಜಗ್ಗುವುದಿಲ್ಲ. ವಿಮಾನದ ಬಿಡಿಭಾಗ, ಪಂಪಿನ ಸೀಲು, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಎರಡು ಕಶೇರುಗಳ ನಡುವೆ ಕೂರಿಸುವ ತುಂಡು, ಇವೆಲ್ಲ ಅದರಲ್ಲಿ ಆಗುತ್ತವೆ. 1940ರಲ್ಲಿ ಎಚ್‌ಎಎಲ್‌ನ ಮೂಲಸಂಸ್ಥೆ ಶುರುವಾದಾಗಿನಿಂದ ವಿಮಾನದ, ಆಮೇಲೆ ಉಪಗ್ರಹದ ಊರೂ ಆದ ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಗಿರಾಕಿಗಳಿದ್ದಾರೆ. ಆದರೆ ಬೇಕಾಗುವುದು ಹತ್ತೋ ಐವತ್ತೋ ಪೀಸು. ಅಚ್ಚು ಮಾಡಿಸಿದರೆ ಗಿಟ್ಟುವುದಿಲ್ಲ. ಆದ್ದರಿಂದ ದಪ್ಪ ರಾಡನ್ನೋ ಶೀಟನ್ನೋ ತಂದು, ಬೇಡದ ಭಾಗವನ್ನು ಕಡೆದು ತೆಗೆದು, ಡ್ರಾಯಿಂಗಿನಲ್ಲಿರುವ ಆಕಾರಕ್ಕೆ ಇಳಿಸುತ್ತಾರೆ. ಎರೆಯುವುದಿಲ್ಲ, ಬೆಸೆಯುವುದಿಲ್ಲ, ತೆಗೆಯುವುದು ಮಾತ್ರ. ಶಿಲ್ಪಿಯ ದೃಷ್ಟಾಂತವನ್ನು ಪರೀಕ್ಷೆಗೆ ಒಡ್ಡಲು ಇದಕ್ಕಿಂತ ತಕ್ಕ ಕೆಲಸ ಸಿಗದು.

ಪರೀಕ್ಷೆಯಲ್ಲಿ ಕಾಣುವುದು ಇದು. ರಾಡ್ ತಯಾರಾಗುವಾಗ ಬಿಸಿ ದ್ರವ ತಣಿದು ಗಟ್ಟಿಯಾಗುತ್ತದೆ. ಮೊದಲು ತಣಿಯುವುದು ಹೊರಮೈ, ತಿರುಳು ತಡವಾಗಿ. ತಡವಾಗಿ ತಣಿಯುವ ತಿರುಳು ಕುಗ್ಗಲು ನೋಡಿದಾಗ ಆಗಲೇ ಗಟ್ಟಿಯಾದ ಹೊರಮೈ ಬಿಡುವುದಿಲ್ಲ. ಹೀಗೆ ಒಳಗೆ ಎಳೆತ, ಹೊರಗೆ ಒತ್ತಡ ಉಳಿದುಹೋಗುತ್ತವೆ. ಒಂದನ್ನೊಂದು ತಡೆದು ಹಿಡಿದಿರುವುದರಿಂದ ರಾಡ್ ನೆಟ್ಟಗೆ ಕಾಣುತ್ತದೆ. ಈಗ ಒಂದು ಬದಿಯಿಂದ ಐದು ಮಿಲಿಮೀಟರ್ ತೆಗೆಯಿರಿ. ತೆಗೆದದ್ದು ಬೇಡದ ಭಾಗವೇ, ಸಂಶಯವಿಲ್ಲ. ಆದರೆ ಉಳಿದ ಭಾಗವನ್ನು ನೆಟ್ಟಗೆ ಹಿಡಿದಿದ್ದದ್ದೂ ಅದೇ. ಹಿಡಿತ ತಪ್ಪಿದೊಡನೆ ಉಳಿದದ್ದು ಬಾಗುತ್ತದೆ. ಉಕ್ಕು ಪೀಕ್‌ಗಿಂತ ಸುಮಾರು ಐವತ್ತು ಪಟ್ಟು ಬಿರುಸಾದ್ದರಿಂದ ಅದರಲ್ಲಿ ಅಷ್ಟಾಗಿ ಕಾಣದ ಈ ಬಾಗು ಪ್ಲಾಸ್ಟಿಕ್ಕಿನಲ್ಲಿ ಮೈಕ್ರೋಮೀಟರಿಗೆ ಸಿಕ್ಕಿಬೀಳುತ್ತದೆ. ಇನ್ನೂ ವಿಚಿತ್ರವೆಂದರೆ, ತುಂಡು ಮೆಷೀನಿನಲ್ಲಿ ಬಿಗಿದಿರುವಷ್ಟು ಹೊತ್ತು ಅಳತೆ ಸರಿಯಾಗಿಯೇ ಬರುತ್ತದೆ. ಮೂರು ಜಾ ಇರುವ ಚಕ್ಕಿನಲ್ಲಿ ತೆಳು ಬಳೆಯೊಂದನ್ನು ಬಲವಾಗಿ ಬಿಗಿದು ಒಳಗಿನ ತೂತನ್ನು ದುಂಡಗೆ ಕಡೆದರೆ, ಚಕ್ ಸಡಿಲಿಸಿದಾಗ ಆ ತೂತು ಮೂರು ಕಡೆ ಉಬ್ಬಿಕೊಳ್ಳುತ್ತದೆ. ಬಿಗಿದಾಗಿನ ದುಂಡು ತುಂಡಿನದಲ್ಲ, ಚಕ್ಕಿನದು. ಇದರ ಮೇಲೆ ಇನ್ನೊಂದು ತೊಡಕು: ಪೀಕ್ ಶಾಖವನ್ನು ಸಾಗಿಸುವುದು ಅಲ್ಯೂಮಿನಿಯಂಗಿಂತ ನೂರಾರು ಪಟ್ಟು ಕಡಿಮೆ. ಟೂಲು ಮೊಂಡಾಗಿದ್ದರೆ, ಆತುರಪಟ್ಟರೆ, ಕಡೆಯುವಾಗ ಹುಟ್ಟಿದ ಬಿಸಿ ಅಲ್ಲಲ್ಲೇ ನಿಂತು ಮೊದಲಿಲ್ಲದ ಹೊಸ ಬಿಗಿಯನ್ನು ಒಳಗೆ ಕೂರಿಸುತ್ತದೆ. ಅಂದರೆ ತೆಗೆಯುವ ಕ್ರಿಯೆ ಹಳೆಯದನ್ನು ಬಿಚ್ಚುವುದಷ್ಟೇ ಅಲ್ಲ, ತನ್ನದೊಂದನ್ನು ಸೇರಿಸುತ್ತದೆ ಕೂಡ.

ಇದಕ್ಕೆ ಕಸುಬಿನವರು ಕಂಡುಕೊಂಡ ದಾರಿಯಲ್ಲಿ ತತ್ತ್ವಚಿಂತಕರು ಗಮನಿಸಬೇಕಾದ ಒಂದು ಹೆಜ್ಜೆ ಇದೆ. ಮೊದಲು ರಫ್ ಕಟ್: ಎರಡೂ ಬದಿಯಿಂದ ಸಮನಾಗಿ, ಕೊನೆಯ ಅಳತೆಗಿಂತ ಒಂದಿಷ್ಟು ಮಿಗಿಸಿ ತೆಗೆಯುವುದು. ಕೊನೆಗೆ ಫಿನಿಶಿಂಗ್: ಮಿಗಿಸಿದ್ದನ್ನು ಹಗುರವಾಗಿ ತೆಗೆಯುವುದು. ನಡುವೆ ಅನೀಲಿಂಗ್. ಪೀಕ್ ತುಂಡನ್ನು ಓವನ್ನಿನಲ್ಲಿಟ್ಟು ಗಂಟೆಗೆ ಸುಮಾರು 10 ಡಿಗ್ರಿಯಂತೆ ನಿಧಾನವಾಗಿ 200ರಿಂದ 250 ಡಿಗ್ರಿಯವರೆಗೆ ಏರಿಸಿ, ಅಲ್ಲಿ ಕೆಲವು ಗಂಟೆ ಬಿಟ್ಟು, ಏರಿಸಿದಷ್ಟೇ ನಿಧಾನವಾಗಿ ಇಳಿಸುತ್ತಾರೆ. ಕರಗುವ ಬಿಂದು ಇನ್ನೂ ದೂರವಿರುವಾಗಲೇ ಅಣುಸರಪಳಿಗಳು ಅಲುಗಾಡುವಷ್ಟು ಸ್ವಾತಂತ್ರ್ಯ ಪಡೆದು ಒಳಗಿನ ಬಿಗಿಯನ್ನು ಬಿಟ್ಟುಕೊಡುತ್ತವೆ. ತುಂಡು ಬಾಗುವುದಿದ್ದರೆ ಈಗಲೇ ಬಾಗಲಿ ಎಂಬುದು ಲೆಕ್ಕಾಚಾರ, ಮಿಗಿಸಿಟ್ಟದ್ದು ಅದಕ್ಕಾಗಿಯೇ. ಈ ಹಂತದಲ್ಲಿ ಒಂದು ಚೂರು ಚಿಪ್ಸೂ ಉದುರುವುದಿಲ್ಲ. ತುಂಡು ಕೊನೆಗೆ ತನ್ನ ಆಕಾರದಲ್ಲಿ ನಿಲ್ಲುವುದು ಏನನ್ನೂ ತೆಗೆಯದ, ಏನನ್ನೂ ಸೇರಿಸದ ಈ ಹಂತದ ದೆಸೆಯಿಂದ. ಒಳಗಿನ ಬಿಗಿ ಎಂಬುದೇ ಒಂದು ಕಲ್ಪನೆ, ಆಮೇಲೆ ಆದದ್ದನ್ನು ನೋಡಿ ಮೊದಲೇ ಇತ್ತೆಂದು ಇಟ್ಟ ಹೆಸರು ಎಂದು ಯಾರಾದರೂ ವಾದಿಸಬಹುದು. ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಈ ವಾದಕ್ಕೆ ಉತ್ತರ ಕಣ್ಣಿಗೇ ಕಾಣುತ್ತದೆ: ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಹಿಡಿದರೆ ಬಿಗಿ ಇರುವಲ್ಲಿ ಬಣ್ಣದ ಪಟ್ಟೆಗಳು ಮೂಡುತ್ತವೆ. ಕಡೆಯುವ ಮುಂಚೆಯೂ ಅವು ಅಲ್ಲಿರುತ್ತವೆ.

ಜಡವಸ್ತುವಿನ ಸಂಗತಿಯನ್ನು ಚೇತನಕ್ಕೆ ಹಚ್ಚಬಹುದೇ ಎಂಬುದು ಮೊದಲ ಆಕ್ಷೇಪ, ಬಹುಶಃ ಎಲ್ಲರಿಗೂ ಹೊಳೆಯುವಂಥದು. ಹಚ್ಚಿದವರು ಪ್ರವಚನಕಾರರು, ಕಲ್ಲನ್ನು ಸಾಕ್ಷಿಗೆ ಕರೆದವರು ಸಾಕ್ಷಿಯ ಪೂರ್ತಿ ಹೇಳಿಕೆಯನ್ನು ಕೇಳಲೇಬೇಕು ಎನ್ನುವುದು ಇದಕ್ಕೆ ಸಣ್ಣ ಉತ್ತರ. ದೊಡ್ಡ ಉತ್ತರ ನಮ್ಮ ಶಾಸ್ತ್ರದಲ್ಲೇ ಇದೆ. ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ಮೂರಾಗಿ ವಿಂಗಡಿಸಿದರು: ಚಲಿಸುವ ವಸ್ತುವಿನ ವೇಗ, ಸ್ಮೃತಿಗೆ ಕಾರಣವಾಗಿ ಆತ್ಮದಲ್ಲಿರುವ ಭಾವನೆ, ಬಗ್ಗಿಸಿದ್ದನ್ನು ಮೊದಲಿನ ಸ್ಥಿತಿಗೆ ತರುವ ಸ್ಥಿತಿಸ್ಥಾಪಕ. ನ್ಯಾಯಶಾಸ್ತ್ರದ ಮೊದಲ ಪಾಠವಾಗಿ ಇಂದಿಗೂ ಓದುವ ಅನ್ನಂಭಟ್ಟನ ತರ್ಕಸಂಗ್ರಹದಲ್ಲೂ ಇದೇ ವಿಂಗಡಣೆ. 1956ರಲ್ಲಿ ಪೇಜಾವರದ ವಿಶ್ವೇಶತೀರ್ಥರು ಸ್ಥಾಪಿಸಿದ, ಕತ್ರಿಗುಪ್ಪೆಯ ವಿದ್ಯಾಪೀಠ ಸರ್ಕಲ್ಲಿಗೆ ಹೆಸರು ತಂದ ಪೂರ್ಣಪ್ರಜ್ಞ ವಿದ್ಯಾಪೀಠದಂಥ ಕಡೆಗಳಲ್ಲಿ ವೇದಾಂತಕ್ಕೆ ಹೋಗುವ ಮೊದಲು ಹುಡುಗರು ಇಂಥ ತರ್ಕದ ಮೆಟ್ಟಿಲನ್ನು ಹತ್ತಬೇಕು. ಸುರುಳಿ ಬಿಚ್ಚಿದ ಚಾಪೆ ಮತ್ತೆ ಸುತ್ತಿಕೊಳ್ಳುವುದನ್ನೂ ಮನುಷ್ಯನಿಗೆ ಹಳೆಯದು ನೆನಪಾಗುವುದನ್ನೂ ಒಂದೇ ಗುಣದ ಎರಡು ಬಗೆ ಎಂದು ಇಟ್ಟದ್ದು ಸುಮ್ಮನೆ ಪಟ್ಟಿ ತುಂಬಿಸಲು ಆಗಿರಲಾರದು. ಆಗಿಹೋದದ್ದು ಈಗಿರುವುದರಲ್ಲಿ ಗುಣವಾಗಿ ಉಳಿದು, ಸಂದರ್ಭ ಸಿಕ್ಕಾಗ ಕೆಲಸ ಮಾಡುತ್ತದೆ. ಇಷ್ಟು ಮಟ್ಟಿಗೆ ಜಡ ಚೇತನಗಳೆರಡೂ ಒಂದೇ. ಅಲ್ಲಿಂದ ಮುಂದೆ ಅವು ಬೇರೆಯಾಗುತ್ತವೆ ಎಂಬುದನ್ನು ವೈಶೇಷಿಕರೂ ಮರೆಯಲಿಲ್ಲ, ನಾವೂ ಮರೆಯಬೇಕಾಗಿಲ್ಲ.

ಪ್ಲಾಸ್ಟಿಕ್ ಮೆತ್ತನೆಯದು, ಕಲ್ಲು ಹಾಗಲ್ಲ, ಆದ್ದರಿಂದ ಶಿಲ್ಪಿಯ ದೃಷ್ಟಾಂತಕ್ಕೆ ಧಕ್ಕೆಯಿಲ್ಲ ಎನ್ನುವವರಿದ್ದಾರೆ. ಕೋಲಾರದ ಚಿನ್ನದ ಗಣಿ ಅವರಿಗೆ ಉತ್ತರ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಗಳಲ್ಲಿ ಅದಿರನ್ನು ತೆಗೆಯುತ್ತ ಹೋದಂತೆ ಉಳಿದ ಬಂಡೆಯ ಮೇಲೆ ಭಾರ ಹೆಚ್ಚಿ, ಅದು ಸಿಡಿದು ಎಷ್ಟೋ ಕಾರ್ಮಿಕರ ಜೀವ ತೆಗೆದಿದೆ. 2001ರಲ್ಲಿ ಗಣಿ ಮುಚ್ಚುವವರೆಗೂ ಈ ಸಿಡಿತದ ಭಯ ಹೋಗಲಿಲ್ಲ. ಕಲ್ಲಿಗೂ ಒಳಗಿನ ಬಿಗಿ ಇದೆ. ಶಿಲ್ಪಿಯ ಉಳಿಯ ಮಟ್ಟದಲ್ಲಿ ಅದರ ಚಲನೆ ಕಣ್ಣಿಗೆ ಬೀಳದಷ್ಟು ಸಣ್ಣದು, ಅಷ್ಟೆ. ದೃಷ್ಟಾಂತ ಕಲ್ಲನ್ನು ಆರಿಸಿಕೊಂಡದ್ದೇ ಅದು ತನ್ನ ಪಾಡನ್ನು ಹೊರಗೆ ತೋರಿಸದ ವಸ್ತುವೆಂದು. ಆದರೆ ಕನ್ನಡ ನಾಡಿನಲ್ಲಿ, ಕಲ್ಲಿನಿಂದ ಬೇಡದ್ದನ್ನು ತೆಗೆದು ಮಾಡಿದ ಬಲು ದೊಡ್ಡ ಮೂರ್ತಿಯೊಂದರ ಕಥೆಯೇ ಆ ದೃಷ್ಟಾಂತಕ್ಕೆ ಎದುರು ನಿಲ್ಲುತ್ತದೆ. ಸುಮಾರು 981ರಲ್ಲಿ ಚಾವುಂಡರಾಯ ಶ್ರವಣಬೆಳಗೊಳದ ಬೆಟ್ಟದ ಮೇಲೆ ಮಾಡಿಸಿದ, 58 ಅಡಿಯಷ್ಟು ಎತ್ತರದ ಗೊಮ್ಮಟ ತ್ಯಾಗದ ಮೂರ್ತಿ. ಬಾಹುಬಲಿ ಗೆದ್ದ ರಾಜ್ಯವನ್ನು ಬಿಟ್ಟ, ಬಟ್ಟೆಯನ್ನು ಬಿಟ್ಟ, ಅನ್ನನೀರು ಬಿಟ್ಟು ವರ್ಷವಿಡೀ ನಿಂತ. ಕಾಲಿಗೆ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನ ಬರಲಿಲ್ಲ. ಒಳಗೊಂದು ಶಲ್ಯ ಉಳಿದಿತ್ತು. ನಿಂತಿರುವುದು ಅಣ್ಣ ಭರತನ ನೆಲದ ಮೇಲೆ ಎಂಬ ಚುಚ್ಚು ಅದು ಎನ್ನುವವರಿದ್ದಾರೆ, ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಕೊರಗು ಎನ್ನುವವರೂ ಇದ್ದಾರೆ. ಮೊದಲ ಪಾಠವನ್ನೇ ತೆಗೆದುಕೊಂಡರೆ, ರಾಜನಾಗಿದ್ದಾಗ ಬಾಹುಬಲಿಗೆ ಈ ಚುಚ್ಚು ಇರಲು ಸಾಧ್ಯವೇ ಇರಲಿಲ್ಲ, ಆಗ ನೆಲ ಅವನದೇ. ನೆಲವನ್ನು ಬಿಟ್ಟವನಿಗೆ ಮಾತ್ರ ಅದು ಇನ್ನೊಬ್ಬರ ನೆಲವಾಗುತ್ತದೆ. ತ್ಯಾಗ ತೆಗೆಯದೆ ಬಿಟ್ಟ ಕೊಳೆ ಇದಲ್ಲ. ತ್ಯಾಗದಿಂದಲೇ ಹುಟ್ಟಿದ ಬಾಗು. ಇನ್ನಷ್ಟು ತ್ಯಾಗದಿಂದ ಅದು ಹೋಗುವಂತಿರಲಿಲ್ಲ, ಏಕೆಂದರೆ ಬಿಡಲು ಇನ್ನೇನೂ ಉಳಿದಿರಲಿಲ್ಲ. ಭರತ ಬಂದು ಪೂಜಿಸಿದ ಮೇಲೆ ಅದು ಹೋಯಿತು.

ಜೈನರು ಇದಕ್ಕೆ ಒಪ್ಪಲಾರರು ಎನ್ನಿಸಬಹುದು. ಆತ್ಮಕ್ಕೆ ಅಂಟಿದ ಕರ್ಮಪುದ್ಗಲವನ್ನು ಕಳಚುವ ನಿರ್ಜರೆಯೇ ಅವರ ಮೋಕ್ಷಮಾರ್ಗದ ತಿರುಳು. ತೆಗೆಯುವ ದರ್ಶನವೆಂದು ಯಾವುದನ್ನಾದರೂ ಕರೆಯಬಹುದಾದರೆ ಅದನ್ನೇ. ಆದರೆ ಹೇಗೆ ತೆಗೆಯಬೇಕೆಂಬಲ್ಲಿ ಅವರಷ್ಟು ಎಚ್ಚರ ವಹಿಸಿದವರು ಕಡಿಮೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದಲ್ಲಿ ಹದಿನಾಲ್ಕು ಗುಣಸ್ಥಾನಗಳ ವಿವರಣೆ ಬರುತ್ತದೆ. ಎಂಟನೆಯದರಿಂದ ಮುಂದೆ ಏರಲು ಎರಡು ಶ್ರೇಣಿಗಳು. ಮೋಹವನ್ನು ಕ್ಷಯಗೊಳಿಸುತ್ತ ಹೋಗುವುದು ಒಂದು. ಅದನ್ನು ಅದುಮಿ ಇಡುತ್ತ ಹೋಗುವ ಉಪಶಮ ಇನ್ನೊಂದು. ಉಪಶಮದಿಂದ ಏರಿದವನೂ ಹನ್ನೊಂದನೆಯ ಸ್ಥಾನದವರೆಗೆ ಹೋಗಬಲ್ಲ, ಅಲ್ಲಿ ಅವನ ಮೋಹ ಪೂರ್ತಿ ಶಾಂತವಾಗಿರುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಅದುಮಿದ್ದು ಮೇಲೆದ್ದು ಅವನು ಕೆಳಗೆ ಬೀಳುತ್ತಾನೆ. ಚಕ್ಕಿನಲ್ಲಿ ಬಿಗಿದಿರುವಾಗಿನ ಅಳತೆಯನ್ನು ನಂಬಬಾರದೆಂಬ ತಿಳಿವಳಿಕೆ ಇದೇ. ಹೊರಗಿನ ಶಿಸ್ತು, ಮಠದ ಗೋಡೆ, ವ್ರತದ ಅವಧಿ, ಗುರುವಿನ ಕಣ್ಣು ಇವು ಹಿಡಿದಿಟ್ಟಷ್ಟು ಹೊತ್ತು ಮನುಷ್ಯ ಕಾಣಿಸುವ ದುಂಡುತನ ಅವನದೋ ಹಿಡಿದವರದೋ ಎಂಬುದನ್ನು ಆಗಲೇ ಹೇಳಲಾಗದು. ಇನ್ನೊಂದು ಮಾತನ್ನು ಇಲ್ಲೇ ಸೇರಿಸಬಹುದು, ಮುಖ್ಯ ವಾದಕ್ಕೆ ಅದು ಬೇಕೇಬೇಕೆಂದಲ್ಲ: ಸಿದ್ಧನಾದ ಜೀವಕ್ಕೂ ಕೊನೆಯ ದೇಹಕ್ಕಿಂತ ತುಸು ಕಡಿಮೆಯಾದ ಆಕಾರವಿರುತ್ತದೆ ಎನ್ನುತ್ತಾರೆ ಜೈನರು. ಎಲ್ಲ ಕಳಚಿದ ಮೇಲೂ ಉಳಿದದ್ದರ ಆಕಾರ ಕಳಚಿದ್ದರಿಂದಲೇ ಬಂದದ್ದು.

ಹೆಚ್ಚು ತೂಕದ ಆಕ್ಷೇಪ ಅದ್ವೈತಿಗಳದು. ಹಗ್ಗದಲ್ಲಿ ಕಂಡ ಹಾವನ್ನು ತೆಗೆದರೆ ಹಗ್ಗಕ್ಕೆ ಏನೂ ಆಗುವುದಿಲ್ಲ. ಅವಿದ್ಯೆ ಆತ್ಮದ ಭಾಗವಲ್ಲ, ಆದ್ದರಿಂದ ಅದರ ನಿವೃತ್ತಿಯಿಂದ ಆತ್ಮ ಬಾಗುವ ಪ್ರಶ್ನೆ ಏಳುವುದೇ ಇಲ್ಲ. ಈ ನಿಲುವಿನಲ್ಲಿ ಬಿರುಕಿಲ್ಲ ಎಂದು ಒಪ್ಪಬೇಕು. ಆದರೆ ಅದನ್ನು ಒಪ್ಪಿದರೆ ಶಿಲ್ಪಿಯ ದೃಷ್ಟಾಂತವನ್ನು ಬಿಡಬೇಕಾಗುತ್ತದೆ. ಶಂಕರರೇ ಅಂಥದ್ದನ್ನು ಬಿಡಿಸಿದ್ದಾರೆ. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಅವರು ಮೋಕ್ಷ ಹುಟ್ಟಿಸುವಂಥದಲ್ಲ, ವಿಕಾರದಿಂದ ಆಗುವಂಥದಲ್ಲ, ಹೋಗಿ ಪಡೆಯುವಂಥದಲ್ಲ, ಸಂಸ್ಕರಿಸುವಂಥದೂ ಅಲ್ಲ ಎಂದು ತೋರಿಸುತ್ತಾರೆ. ಸಂಸ್ಕಾರವೆಂದರೆ ಒಂದೋ ಗುಣವನ್ನು ಸೇರಿಸುವುದು, ಇಲ್ಲವೇ ದೋಷವನ್ನು ತೆಗೆಯುವುದು. ಆತ್ಮದಲ್ಲಿ ಎರಡೂ ಸಲ್ಲದು. ಕನ್ನಡಿಯನ್ನು ಉಜ್ಜಿದಾಗ ಅದರದೇ ಹೊಳಪು ಹೊರಬರುವಂತೆ ಆಗಲಿ ಎಂದು ಆಕ್ಷೇಪಿಸುವವನಿಗೂ ಅಲ್ಲೇ ಉತ್ತರವಿದೆ: ಯಾವ ಕ್ರಿಯೆಯೂ ತಾನು ನಡೆಯುವ ವಸ್ತುವನ್ನು ವಿಕಾರಗೊಳಿಸದೆ ನಡೆಯಲಾರದು, ಆತ್ಮವಾದರೋ ಅವಿಕಾರಿ. ಸಾರಕ್ಕಿಯ ಟರ್ನರ್ ಬಲ್ಲ ಸಂಗತಿ ಇಲ್ಲಿ ವಾದದ ಬೆನ್ನೆಲುಬಾಗಿದೆ. ತೆಗೆಯುವುದು ನಿರಪಾಯದ ಕೆಲಸವಲ್ಲ ಎಂಬುದರಲ್ಲಿ ಶಂಕರರಿಗೆ ಎಷ್ಟು ಖಾತ್ರಿಯೆಂದರೆ, ಅದರಿಂದಲೇ ಅವರು ಆತ್ಮವನ್ನು ಆ ಕೆಲಸದಿಂದ ಪೂರ್ತಿ ಹೊರಗಿಟ್ಟರು. ಉಳಿ ಬೀಳುವುದೇನಿದ್ದರೂ ಚಿತ್ತದ ಮೇಲೆ, ಚಿತ್ತವೋ ವಿಕಾರವಾಗುವಂಥದೇ. ಅಲ್ಲಿಗೆ ನಮ್ಮ ಪ್ರಶ್ನೆ ಚಿತ್ತದ ಬಗ್ಗೆ ಹಾಗೆಯೇ ಉಳಿಯಿತು. ನಿರಾಹಾರನಾದವನಿಂದ ವಿಷಯಗಳು ದೂರವಾದರೂ ಅವುಗಳ ರುಚಿ ಹೋಗುವುದಿಲ್ಲ, ಪರವನ್ನು ಕಂಡ ಮೇಲೆ ಅದೂ ಹೋಗುತ್ತದೆ ಎಂದು ಗೀತೆಯ ಎರಡನೆಯ ಅಧ್ಯಾಯ ಹೇಳುವುದೂ ಇದನ್ನೇ: ತೆಗೆಯುವುದರಿಂದ ಒಂದು ಮಟ್ಟದವರೆಗೆ ಮಾತ್ರ, ಮುಂದಿನದಕ್ಕೆ ಬೇರೆ ಬಗೆಯ ಹೆಜ್ಜೆ ಬೇಕು.

ಅಕ್ಕಮಹಾದೇವಿ ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಒಂದೇ ಸಲಕ್ಕೆ ಬಿಟ್ಟು ನಡೆಯಲಿಲ್ಲವೇ, ವೈರಾಗ್ಯ ಹುಟ್ಟಿದ ದಿನವೇ ಹೊರಟುಬಿಡಬಹುದೆಂದು ಜಾಬಾಲೋಪನಿಷತ್ತು ಹೇಳುವುದಿಲ್ಲವೇ ಎಂದು ಕೇಳಬಹುದು. ಹೌದು. ವರ್ಕ್‌ಶಾಪಿನಲ್ಲೂ ಒಂದೇ ಸಲಕ್ಕೆ ಪೂರ್ತಿ ಕಡೆದರೂ ಬಾಗದ ತುಂಡುಗಳಿರುತ್ತವೆ, ಒಳ್ಳೆಯ ತಯಾರಕರು ರಾಡನ್ನು ಅನೀಲ್ ಮಾಡಿಯೇ ಮಾರುತ್ತಾರೆ. ಆ ತುಂಡು ತೆಗೆತವನ್ನು ತಾಳಿಕೊಂಡದ್ದು ಯಾವುದೋ ಓವನ್ನಿನಲ್ಲಿ ಮೊದಲೇ ಕಳೆದ ಗಂಟೆಗಳಿಂದ. ಅಕ್ಕನ ವಿಷಯದಲ್ಲಿ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಕಲ್ಯಾಣಕ್ಕೆ ಬಂದ ಅವಳನ್ನು ಅಲ್ಲಮ ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳಿದ್ದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಚಿತ್ರಿಸುತ್ತದೆ. ಆ ಪ್ರಶ್ನೆ ಒರಟೆಂದು ಇವತ್ತಿನ ಓದುಗರಿಗೆ ಅನ್ನಿಸುವುದು ಸಹಜ, ಒರಟು ಹೌದು ಕೂಡ. ಆದರೆ ಅದು ಬಿಟ್ಟದ್ದರ ಲೆಕ್ಕ ಕೇಳುವ ಪ್ರಶ್ನೆಯಲ್ಲ. ಬಿಟ್ಟ ಮೇಲೆ ಉಳಿದದ್ದು ಹೇಗೆ ನಿಂತಿದೆ ಎಂದು ಹಿಡಿತ ಸಡಿಲಿಸಿ ನೋಡುವ ಪ್ರಶ್ನೆ. ಅಕ್ಕ ಅದಕ್ಕೆ ಕೊಟ್ಟ ಉತ್ತರಗಳಿಂದ ಶರಣರು ಅವಳನ್ನು ಒಪ್ಪಿದರು, ತ್ಯಾಗದ ಪಟ್ಟಿಯಿಂದಲ್ಲ.

ಇಷ್ಟರಿಂದ ಸಿದ್ಧವಾಗುವುದೆಷ್ಟು, ಆಗದಿರುವುದೆಷ್ಟು? ತೆಗೆಯುವವನು ತನ್ನನ್ನೇ ತೆಗೆಯುತ್ತ ಹೋಗಿ ಗುರಿ ಮುಟ್ಟುವ ಚಿತ್ರ ಪೂರ್ತಿಯಲ್ಲ ಎಂಬುದು ಸಿದ್ಧವಾಗುತ್ತದೆ. ಬಾಹುಬಲಿಗೆ ಭರತ ಬರಬೇಕಾಯಿತು, ಅಕ್ಕನಿಗೆ ಅಲ್ಲಮ ಎದುರಾಗಬೇಕಾಯಿತು, ಗೀತೆಯ ನಿರಾಹಾರನಿಗೆ ಪರದರ್ಶನ ಬೇಕಾಯಿತು, ಪೀಕ್ ತುಂಡಿಗೆ ತನ್ನದಲ್ಲದ ಶಾಖ ಬೇಕಾಯಿತು. ದ್ವೈತಿಗಳ ಬಳಿ ಇದಕ್ಕೆ ಸಿದ್ಧವಾದ ಪರಿಭಾಷೆಯೇ ಇದೆ. ಅನಾದಿಯಾದ ವಸ್ತುಗಳನ್ನೂ ದೇವರು ಸೃಷ್ಟಿಸುತ್ತಾನೆಂದರೆ ಏನರ್ಥ ಎಂಬ ಪ್ರಶ್ನೆಗೆ ಮಧ್ವಸಿದ್ಧಾಂತದ ಉತ್ತರ ಪರಾಧೀನವಿಶೇಷಾಪ್ತಿ: ವಸ್ತು ಅದೇ, ಆದರೆ ಇನ್ನೊಬ್ಬರ ಅಧೀನವಾಗಿ ಅದಕ್ಕೊಂದು ಹೊಸ ವಿಶೇಷ ಬರುತ್ತದೆ. ಏನೂ ಉದುರದ, ಏನೂ ಸೇರದ ಓವನ್ನಿನ ಹಂತವನ್ನು ವರ್ಣಿಸಲು ಇದಕ್ಕಿಂತ ಹತ್ತಿರದ ಪರಿಕಲ್ಪನೆ ನಮ್ಮ ದರ್ಶನಗಳಲ್ಲಿ ಸಿಗುವುದು ಕಷ್ಟ. ಆದರೆ ಆ ಪರ ಹರಿಯೇ ಎಂದು ವಿದ್ಯಾಪೀಠದಲ್ಲಿ ಓದಿದವರು ಮುಂದುವರಿದಾಗ ವರ್ಕ್‌ಶಾಪಿನ ಸಾಕ್ಷ್ಯ ಅವರ ಜೊತೆ ಹೋಗುವುದಿಲ್ಲ. ಭರತ ಬರೀ ನಿಮಿತ್ತ, ಉಪಾದಾನ ಬಾಹುಬಲಿಯ ಜೀವವೇ, ಕೃಪೆ ಮಾಡುವ ಈಶ್ವರ ಯಾರೂ ಬೇಕಿಲ್ಲ ಎಂದು ಜೈನರು ಅಷ್ಟೇ ಗಟ್ಟಿಯಾಗಿ ವಾದಿಸಬಲ್ಲರು. ಪೀಕ್ ಅಣುಗಳು ಸಡಿಲಗೊಳ್ಳುವುದು ತಮ್ಮದೇ ಸ್ವಭಾವದಿಂದ, ಓವನ್ ಅವಕಾಶ ಕೊಟ್ಟಿತಷ್ಟೆ ಎಂದು ಅದೇ ಸಾಕ್ಷಿಯನ್ನು ತಮ್ಮ ಕಡೆಗೂ ಎಳೆದುಕೊಳ್ಳಬಲ್ಲರು. ಈ ಎರಡು ವಾದಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ಶಾಸ್ತ್ರಗಳಿಗೇ ಹಿಂತಿರುಗಬೇಕು. ಶಿಲ್ಪಿಯ ದೃಷ್ಟಾಂತದೊಳಗೆ ನಿಂತರೆ ಮಾತ್ರ ಈ ಜಗಳ ಹುಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿ ಬೇಡದ್ದನ್ನು ತೆಗೆದ ಕೂಡಲೇ ಕೆಲಸ ಮುಗಿದಿರುತ್ತದೆ.